ಮರು: ‘ಆಂಟಿಮೈಕ್ರೋಬಿಯಲ್ ಪೆಪ್ಟೈಡ್’ಗೆ ಕನ್ನಡ ಪದ ಬೇಕು (ತುರ್ತು)

>> ಕಪ್ಪೆಯ ಚರ್ಮದ ಆಂಟಿಮೈಕ್ರೋಬಿಯಲ್ ಪೆಪ್ಟೈಡ್‌ಗಳು ಕ್ಯಾನ್ಸರ್‌ಗೆ ಮದ್ದಾಗಬಹುದೇ ಎಂಬ ಲೇಖನ ಅನುವಾದಿಸುತ್ತಿದ್ದೇನೆ, ನಾಳೆ ಬೆಳಿಗ್ಗೆ ಕೊಡಬೇಕು. ‘ಸೂಕ್ಷ್ಮಜೀವಿನಿರೋಧಕ ಪೆಪ್ಟೈಡ್’ ಸರಿಯೇ?

> ಪೆಪ್ಟೈಡ್ ಯಾಕೆ? ‘ಕಿರುಸರಪಣಿ’ ಎಂದರಾಯಿತು. ಕನ್ನಡದಲ್ಲಿ ಪದಗಳಿಗೆ ಬರವೇ?

‘ಸೂಕ್ಷ್ಮಜೀವಿನಿರೋಧಕ’ ಸರಿಯಲ್ಲ. ‘ಸೂಕ್ಷ್ಮಜೀವಿನಾಶಕ ಪೆಪ್ಟೈಡ್’ ಎಂದು ಬರೆಯಿರಿ. ನಿರೋಧ ಎಂದರೆ ತಡೆ. ಜಲನಿರೋಧಕ ಬಟ್ಟೆ ನೀರನ್ನು ಒಳಗೆ ಬಿಡುವುದಿಲ್ಲ, ಅಷ್ಟೇ. ನೀರಿಗೆ ಅದರಿಂದ ಏನೂ ಆಗದು. ಅಮೈನೋ ಆಮ್ಲಗಳ ಕಿರುಸರಪಣಿಗಳಾದ ಈ ಪೆಪ್ಟೈಡ್‌ಗಳ ಕೆಲಸ ಬೇರೆ. ಅವುಗಳದು ಧನ ವಿದ್ಯುದಾವೇಶ, ಬ್ಯಾಕ್ಟೀರಿಯಾದ ಹೊರಮೈಯದು ಋಣ ಆವೇಶ. ಹೋಗಿ ಅಂಟಿಕೊಂಡು ಪೊರೆಯನ್ನೇ ತೂತು ಮಾಡುತ್ತವೆ. ಒಳಗಿದ್ದದ್ದು ಸೋರಿ ಕೋಶ ಸಾಯುತ್ತದೆ. ಕ್ಯಾನ್ಸರಿನ ಆಸೆ ಹುಟ್ಟಿದ್ದೂ ಇಲ್ಲಿಂದಲೇ. ಆರೋಗ್ಯವಂತ ಕೋಶ ಪೊರೆಯ ಒಳಮಗ್ಗುಲಲ್ಲಿ ಇಟ್ಟುಕೊಳ್ಳುವ ಫಾಸ್ಫಟೈಡಿಲ್‌ಸೆರೀನ್ ಎಂಬ ಋಣ ಆವೇಶದ ಕೊಬ್ಬು ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಹೊರಮೈಗೆ ಬಂದಿರುತ್ತದೆ. ‘ನಿರೋಧಕ’ ಎಂದರೆ ಈ ಕೊಂಡಿಯೇ ತಪ್ಪುತ್ತದೆ. ಮೇಲಾಗಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದ ಮಾತು ಲೇಖನದಲ್ಲಿ ಬಂದರೆ ಅಲ್ಲೂ ‘ನಿರೋಧಕ’ವೇ ಬೇಕಾಗುತ್ತದೆ. ಯಾವುದು ಯಾವುದನ್ನು ತಡೆಯುತ್ತಿದೆಯೆಂದು ಓದುವವರು ತಡಕಾಡಬೇಕೇ?

‘ಕಿರುಸರಪಣಿ’ಯನ್ನು ಒಪ್ಪಲಾರೆ. ಯಾವುದರ ಸರಪಣಿ? ಪಿಷ್ಟವೂ ಸರಪಣಿಯೇ. ಪೆಪ್ಟೈಡ್ ಬಂದದ್ದು ಗ್ರೀಕಿನ ‘ಪೆಪ್ಟೋಸ್’ನಿಂದ, ಜೀರ್ಣವಾದದ್ದು ಎಂದರ್ಥ, ಸಂಸ್ಕೃತದ ಪಚನ, ಪಕ್ವಗಳ ದಾಯಾದಿ. ಪಕ್ವ ನಮ್ಮ ಮನೆಯೊಳಗಿದೆ, ಪೆಪ್ಟೈಡ್ ಮಾತ್ರ ಹೊಸ್ತಿಲಾಚೆ ನಿಲ್ಲಬೇಕೆನ್ನುವುದು ಯಾವ ನ್ಯಾಯ?

ಹೊಟ್ಟೆ ಕೊಯ್ದು ಹೊಲಿದು ಕೊಳೆನೀರಿಗೆ ಬಿಟ್ಟರೂ ಆಫ್ರಿಕಾದ ಉಗುರುಗಪ್ಪೆಗಳ ಗಾಯ ಕೀವಾಗದೆ ಮಾಯುತ್ತಿದ್ದುದನ್ನು ಅಮೆರಿಕದ ಸಂಶೋಧಕ ಮೈಕೆಲ್ ಜಾಸ್ಲೋಫ್ ಗಮನಿಸಿದರು. 1987ರಲ್ಲಿ ಅವುಗಳ ಚರ್ಮದಿಂದ ಪೆಪ್ಟೈಡ್‌ಗಳನ್ನು ಬೇರ್ಪಡಿಸಿ, ಗುರಾಣಿ ಎಂಬರ್ಥದ ಹೀಬ್ರೂ ‘ಮಗೇನ್’ನಿಂದ ‘ಮಗೈನಿನ್’ ಎಂದು ಹೆಸರಿಟ್ಟರು. ಇಂಗ್ಲಿಷ್ ಅದನ್ನು ಹಾಗೇ ಇಟ್ಟುಕೊಂಡಿತು. ನೀವೂ ಹಾಗೇ ಇಡಿ. ‘ಗುರಾಣಿಕ’ ಎಂದೆಲ್ಲ ಹೊಸೆಯಬೇಡಿ.

‘ಚರ್ಮ’ ಇರಲಿ, ‘ತೊಗಲು’ ಬೇಡ. ಸುಲಿದದ್ದು ಕಣ್ಣಿಗೆ ಬರುತ್ತದೆ.

ತಲೆಬರಹದಲ್ಲಿ ‘ಮದ್ದಾಗಬಹುದೇ’ ಎಂಬ ಪ್ರಶ್ನೆಯನ್ನು ಯಾರು ಹೇಳಿದರೂ ‘ಮದ್ದು’ ಎಂದು ತಿದ್ದಬೇಡಿ. ಈವರೆಗಿನ ಫಲಿತಾಂಶಗಳಲ್ಲಿ ಹೆಚ್ಚಿನವು ಪ್ರಯೋಗಾಲಯದ ಕೋಶಗಳ ಮೇಲಿನವು. ಮೈಯೊಳಗೆ ಹೋದರೆ ಕಿಣ್ವಗಳು ಈ ಪೆಪ್ಟೈಡ್‌ಗಳನ್ನು ಬೇಗ ತುಂಡರಿಸುತ್ತವೆ. ನಿಮ್ಮ ಓದುಗರಲ್ಲಿ ಕಾಯಿಲೆಯವರೂ ಇರುತ್ತಾರೆ.