ಅಪ್‌ಡೇಟ್: ಹಳೆ ಸೀರೆ ಕೌದಿಯ ಉಬ್ಬು ಹೋಯಿತು

ಹಳೆ ಕಾಟನ್ ಸೀರೆಗಳಿಂದ ಹೊಲಿದ ಕೌದಿ ತೊಳೆದ ಮೇಲೆ ನಡುವೆ ಉಬ್ಬಿದೆ, ಏನು ಮಾಡಲಿ ಎಂದು ಕೇಳಿದ್ದೆ. ಬಿಚ್ಚಿ ನೋಡಿದರೆ ಒಳಪದರದಲ್ಲಿ ಪಾಲಿಯೆಸ್ಟರ್ ಸೀರೆ. ಕಾಟನ್ ಕುಗ್ಗುತ್ತದೆ, ಅದು ಕುಗ್ಗುವುದಿಲ್ಲ. ಹೆಚ್ಚಾದ ಬಟ್ಟೆಯೇ ಉಬ್ಬಾಗಿ ನಿಲ್ಲುತ್ತದೆ.

ಅದನ್ನು ತೆಗೆದು, ಉಳಿದ ಸೀರೆಗಳನ್ನು ಬಿಸಿನೀರಲ್ಲಿ ತೊಳೆದು ಒಣಗಿಸಿ, 4 ಪದರ ನೆಲಕ್ಕೆ ಹಾಸಿದೆ. ಮೊದಲು ನಡುವಿನಿಂದ ಅಂಚಿನ ಕಡೆಗೆ, ಗೇಣಿಗೊಂದು ಸಾಲು ಉದ್ದನೆಯ ಕಚ್ಚಾ (ತಾತ್ಕಾಲಿಕ) ಹೊಲಿಗೆ. ಇದನ್ನು ಬಿಟ್ಟರೆ ಪದರ ಜರುಗುವುದು ಖಂಡಿತ. ಆಮೇಲೆ, ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಹಾಗೆ, ಅಂಚಿನಿಂದ ಸುತ್ತುತ್ತಾ ಒಳಗೆ ಪಕ್ಕಾ ಹೊಲಿಗೆ. ಸಾಲುಗಳ ನಡುವೆ ಬೆರಳಗಲ ಅಂತರ, ಎರಡೆಳೆ ಕಾಟನ್ ದಾರ. ದಾರ ಜಗ್ಗಿದರೆ ಬಟ್ಟೆ ನೆರಿಗೆಗಟ್ಟುತ್ತದೆ. ಸೂಜಿ ಎಳೆದಾಗಲೆಲ್ಲ ಅಂಗೈಯಿಂದ ಸವರಿ ಸಡಿಲಿಸಿಕೊಳ್ಳಿ.

ಈಗ ಮತ್ತೆ ತೊಳೆದರೂ ಚಪ್ಪಟೆಯಾಗಿಯೇ ಇದೆ. ಪದರ ಬಿಚ್ಚಿ ನೋಡಲು ಹೇಳಿದವರಿಗೆ ಧನ್ಯವಾದ.