ಲೂಪಸ್ ಲೇಖನದ ಬಗ್ಗೆ ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಚರ್ಚೆ

ಚಿಕ್ಕಪ್ಪ: ಲೂಪಸ್ (ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ) ರೋಗಿಗಳ ಬಿಳಿ ರಕ್ತಕಣಗಳಲ್ಲಿ ಅನೇಕ ಜೀನ್‌ಗಳು ವಿಪರೀತ ಚುರುಕಾಗಿರುತ್ತವೆ ಎಂದು ಮೇಲೆ ಹಾಕಿರುವ ಲೇಖನ ಹೇಳುತ್ತದೆ. ಅಂದಮೇಲೆ ಇದು ವಂಶದಿಂದ ಬರುವ ಕಾಯಿಲೆಯೇ. ಮನೆಯ ಹೆಣ್ಣುಮಕ್ಕಳೆಲ್ಲರೂ ಈ ಜೀನ್‌ಗಳ ಚುರುಕನ್ನು ಅಳೆಯುವ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ಅಕ್ಕ: ಚಿಕ್ಕಪ್ಪ, ಲೇಖನ ಸರಿಯಾಗಿದೆ, ನಿಮ್ಮ ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಎಂಎಕ್ಸ್1, ಐಎಫ್ಐ44ಎಲ್, ಐಎಸ್‌ಜಿ15 ಮುಂತಾದ ಆ ಜೀನ್‌ಗಳು ನಮ್ಮೆಲ್ಲರಲ್ಲೂ ಇವೆ. ವೈರಸ್ ಸೋಂಕು ತಗುಲಿದಾಗ ದೇಹವೇ ತಯಾರಿಸುವ ಇಂಟರ್‌ಫೆರಾನ್ ಎಂಬ ಸಂದೇಶವಾಹಕ ಪ್ರೋಟೀನ್ ಅವುಗಳನ್ನು ಎಚ್ಚರಿಸುತ್ತದೆ, ಸೋಂಕು ಇಳಿದ ಮೇಲೆ ಅವು ಸುಮ್ಮನಾಗುತ್ತವೆ. ಲೂಪಸ್‌ನಲ್ಲಿ ದೇಹದ್ದೇ ಡಿಎನ್‌ಎ, ಆರ್‌ಎನ್‌ಎ ತುಣುಕುಗಳು ಪ್ರತಿಕಾಯಗಳೊಡನೆ ಕೂಡಿಕೊಂಡು ರೋಗಾಣುಗಳ ಸುಳಿವು ಹಿಡಿಯುವ ಟಿಎಲ್‌ಆರ್7, ಟಿಎಲ್‌ಆರ್9 ಎಂಬ ಗ್ರಾಹಕಗಳನ್ನು ಕೆಣಕುವುದರಿಂದ, ಯಾವ ವೈರಸ್ಸೂ ಇಲ್ಲದೆ ಇಂಟರ್‌ಫೆರಾನ್ ಉತ್ಪತ್ತಿಯಾಗುತ್ತಲೇ ಇರುತ್ತದೆ. 2003ರಲ್ಲಿ ಬೇರೆ ಬೇರೆ ಸಂಶೋಧನಾ ತಂಡಗಳು ರೋಗಿಗಳ ರಕ್ತದಲ್ಲಿ ಗುರುತಿಸಿದ್ದು ಇಂಟರ್‌ಫೆರಾನ್‌ನ ಛಾಪನ್ನೇ, ಅಂದರೆ ಅದು ಎಚ್ಚರಿಸಿದ ಜೀನ್‌ಗಳು ಒಟ್ಟಾಗಿ ಏರಿರುವುದನ್ನು. ಆ ಪರೀಕ್ಷೆ ಅಳೆಯುವುದು ಜೀನ್‌ಗಳಿಂದ ಈಗ ಎಷ್ಟು ಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ನಕಲು) ತಯಾರಾಗುತ್ತಿದೆ ಎಂಬುದನ್ನು. ಹುಟ್ಟಿನಿಂದ ಬಂದ ದೋಷವನ್ನಲ್ಲ. ಫ್ಲೂ ಜ್ವರ ಬಂದವರಲ್ಲೂ ಇದೇ ಜೀನ್‌ಗಳು ಏರಿರುತ್ತವೆ.

ಚಿಕ್ಕಪ್ಪ: ಹಾಗಾದರೆ ಅನುವಂಶೀಯತೆಗೆ ಪಾತ್ರವೇ ಇಲ್ಲವೆನ್ನುತ್ತೀಯಾ ಮಗಳೇ? ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರೇ ಏಕೆ?

ಅಕ್ಕ: ಪಾತ್ರ ಖಂಡಿತ ಇದೆ. ಟಿಎಲ್‌ಆರ್7 ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ, ಹೆಂಗಸರ ಕೆಲವು ರೋಗನಿರೋಧಕ ಕೋಶಗಳಲ್ಲಿ ಅದರ ಎರಡೂ ಪ್ರತಿಗಳು ಕೆಲಸ ಮಾಡುತ್ತವೆ. ಆ ಒಂದೇ ಜೀನಿನ ಬದಲಾವಣೆಯಿಂದ ಒಬ್ಬ ಬಾಲಕಿಗೆ ಲೂಪಸ್ ಬಂದದ್ದು 2022ರಲ್ಲಿ ಪ್ರಕಟವಾಯಿತು. ಆದರೆ ಅದು ತೀರ ಅಪರೂಪ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಲೂಪಸ್ ಬಂದರೂ ಹೆಚ್ಚಿನ ಪಾಲು ಇನ್ನೊಬ್ಬರಿಗೆ ಬರುವುದಿಲ್ಲ.

ಅಣ್ಣ: ಕಾಯಿಲೆ ಏರಿದೆಯೋ ಇಳಿದಿದೆಯೋ ತಿಳಿಯುವುದಕ್ಕಾದರೂ ಈ ಪರೀಕ್ಷೆ ಬೇಡವೇ?

ಅಕ್ಕ: ಅದಕ್ಕೂ ನಂಬಲಾಗದು ಅಣ್ಣ. ರೋಗ ಹತೋಟಿಗೆ ಬಂದ ಅನೇಕರಲ್ಲಿ ಇಂಟರ್‌ಫೆರಾನ್ ಛಾಪು ಹಾಗೆಯೇ ಉಳಿದಿರುತ್ತದೆ. ಅದೂ ಅಲ್ಲದೆ ಲೂಪಸ್‌ನಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಕಡಿಮೆಯಾಗಿ, ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಲಿಯದ ಬಿಳಿ ರಕ್ತಕಣಗಳು ಹೆಚ್ಚಬಹುದು. ಆಗ ಯಾವ ಕೋಶದೊಳಗೂ ಏನೂ ಬದಲಾಗದಿದ್ದರೂ ಒಟ್ಟು ರಕ್ತದ ಲೆಕ್ಕದಲ್ಲಿ ಜೀನ್‌ಗಳು ಏರಿಳಿದಂತೆ ಕಾಣುತ್ತವೆ. ಆದ್ದರಿಂದಲೇ ವೈದ್ಯರು ಇಂದಿಗೂ ಮೂತ್ರದ ಪ್ರೋಟೀನ್, ರಕ್ತದಲ್ಲಿನ ಸಿ3, ಸಿ4 ಎಂಬ ರೋಗನಿರೋಧಕ ಪ್ರೋಟೀನ್‌ಗಳು, ಡಿಎನ್‌ಎ ವಿರುದ್ಧದ ಪ್ರತಿಕಾಯಗಳನ್ನು ನೋಡುತ್ತಾರೆ. ಈ ಸಂಶೋಧನೆಯ ನಿಜವಾದ ಫಲ ಬೇರೆಡೆ ಇದೆ: ಇಂಟರ್‌ಫೆರಾನ್ ಗ್ರಾಹಕವನ್ನೇ ತಡೆಯುವ ಅನಿಫ್ರೊಲುಮ್ಯಾಬ್ ಔಷಧಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಚಿಕ್ಕಪ್ಪ, ಲೇಖನ ಗುಂಪಿನಲ್ಲಿರಲಿ. ಹೆಣ್ಣುಮಕ್ಕಳೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬ ಮಾತನ್ನು ಮಾತ್ರ ದಯವಿಟ್ಟು ಅಳಿಸಿಬಿಡಿ.