2001 ಪೋರ್ಷೆ ಬಾಕ್ಸ್‌ಸ್ಟರ್ ಎಸ್: ಗ್ಯಾಸ್ ತುಂಬಿಸಿದರೂ ಎಸಿ ತಣ್ಣಗಾಗುತ್ತಿಲ್ಲ

ಬೆಳ್ಳಿಬಾಕ್ಸರ್ (ಡಲ್ಲಾಸ್):
ನಮಸ್ಕಾರ. ನನ್ನ ಬಾಕ್ಸ್‌ಸ್ಟರ್‌ನಲ್ಲಿ ಗಾಳಿ ಜೋರಾಗಿ ಬರುತ್ತದೆ, ತಣ್ಣಗಿರುವುದಿಲ್ಲ. ವರ್ಕ್‌ಶಾಪಿನವರು ಗ್ಯಾಸ್ ತುಂಬಿ, ಸರಿಯಾಯಿತು ಅಂತ ಕಳಿಸಿದರು. ಮನೆ ಮುಟ್ಟುವಷ್ಟರಲ್ಲಿ ಮತ್ತೆ ಅದೇ ಕಥೆ. ಈಗ ಕಂಪ್ರೆಸರ್ ಬದಲಾಯಿಸಬೇಕಂತೆ. ಇಲ್ಲಿ ದಿನಾ 38, 40 ಡಿಗ್ರಿ. ಟಾಪ್ ತೆಗೆದರೆ ಬಿಸಿಲು, ಹಾಕಿದರೆ ಬೆವರು. ನನ್ನ ಹೆಂಡತಿ ಈ ಕಾರು ಹತ್ತುವುದನ್ನೇ ಬಿಟ್ಟಿದ್ದಾಳೆ. ತಲೆ ಕೆಟ್ಟುಹೋಗಿದೆ, ಯಾರಾದರೂ ದಾರಿ ಹೇಳಿ.

ಮಿಯಾಟಾ92 (ಸ್ಯಾನ್ ಹೋಸೆ):
986 (ನಿಮ್ಮ ಕಾರಿನ ಮಾಡೆಲ್ ಕೋಡ್) ಅಂದರೆ ಮೊದಲು ಮುಂದಿನ ಬಂಪರ್ ಬಿಚ್ಚಿ ಗುರು. ಎಡಕ್ಕೊಂದು ಬಲಕ್ಕೊಂದು ಕಂಡೆನ್ಸರ್ (ಎಸಿ ಗ್ಯಾಸಿನ ಬಿಸಿ ಹೊರಬಿಡುವ ಜಾಲಿ), ಅದರ ಬೆನ್ನಿಗೆ ರೇಡಿಯೇಟರ್. ಗಾಳಿ ಹೋಗುವ ಬಾಯಿ ದೊಡ್ಡದು, ಒಣಗಿದ ಎಲೆಯೆಲ್ಲ ಒಳಗೆ ಹೋಗಿ ಕೂರುತ್ತದೆ. ಮಳೆಗೆ ನೆಂದು ಕೊಳೆತು ಅಲ್ಯೂಮಿನಿಯಂ ತಿಂದುಹಾಕುತ್ತದೆ. ಲೀಕ್ ಅಲ್ಲೇ ಇರುತ್ತದೆ. ಯುವಿ ಬೆಳಕಿಗೆ ಹೊಳೆಯುವ ಡೈ ಹಾಕಿಸಿ, ರಾತ್ರಿ ಯುವಿ ಟಾರ್ಚ್ ಹಿಡಿದು ನೋಡಿ.

ಬೆಳ್ಳಿಬಾಕ್ಸರ್:
ಎರಡೂ ಕಂಡೆನ್ಸರ್ ಹೋದ ಚಳಿಗಾಲದಲ್ಲಿ ಹೊಸದು ಹಾಕಿಸಿದ್ದೇನೆ. ಎಲೆ ಹೋಗದ ಹಾಗೆ ಜಾಲರಿಯೂ ಇದೆ.

ಮಿಯಾಟಾ92:
ಅದನ್ನು ಮೊದಲೇ ಹೇಳಬೇಕಲ್ವಾ! ಹಾಗಾದರೆ ಪೈಪ್ ಜೋಡಣೆಯ ರಬ್ಬರ್ ಓ-ರಿಂಗ್. ಕಂಡೆನ್ಸರ್ ಹಾಕುವಾಗ ಹಳೇ ರಿಂಗನ್ನೇ ಕೂರಿಸಿರುತ್ತಾರೆ. ಇಲ್ಲದಿದ್ದರೆ ಗ್ಯಾಸ್ ತುಂಬುವ ಸರ್ವಿಸ್ ಪೋರ್ಟಿನ ವಾಲ್ವ್. ಏನೇ ಆಗಲಿ, ಲೀಕೇ.

ವೀಕೆಂಡ್‌ಮೆಕ್ಯಾನಿಕ್ (ಆಸ್ಟಿನ್):
ಲೀಕ್ ಮುಚ್ಚುವ ಸೀಲರ್ ಇರುವ ಗ್ಯಾಸ್ ಕ್ಯಾನ್ ಸಿಗುತ್ತದೆ. ಒಂದು ಹಾಕಿ ನೋಡಿ, ಎಷ್ಟೋ ಕಾರು ಅದರಲ್ಲೇ ಓಡುತ್ತಿವೆ.

ದಾವಣಗೆರೆ_ಟರ್ಬೊ (ದುಬೈ):
ದಯವಿಟ್ಟು ಹಾಕಬೇಡಿ. ತೇವ, ಗಾಳಿ ಸಿಕ್ಕಿದ ಕಡೆ ಸೀಲರ್ ಗಟ್ಟಿಯಾಗುತ್ತದೆ. ಎಕ್ಸ್‌ಪ್ಯಾನ್ಶನ್ ವಾಲ್ವ್ (ಗ್ಯಾಸನ್ನು ಸಣ್ಣ ತೂತಿನಿಂದ ಬಿಡುವ ಭಾಗ) ಕಟ್ಟಿಕೊಳ್ಳಬಹುದು, ವರ್ಕ್‌ಶಾಪಿನ ಗ್ಯಾಸ್ ಎಳೆಯುವ ಮಷಿನ್ನೂ ಹಾಳಾಗುತ್ತದೆ. ಸೀಲರ್ ಇದೆ ಅಂತ ಗೊತ್ತಾದರೆ ಎಷ್ಟೋ ಕಡೆ ಕಾರನ್ನು ಮುಟ್ಟುವುದೂ ಇಲ್ಲ.

ವೀಕೆಂಡ್‌ಮೆಕ್ಯಾನಿಕ್:
ನನ್ನ ಕಾರಿಗೆ ಏನೂ ಆಗಿಲ್ಲ ಸರ್. ವರ್ಕ್‌ಶಾಪಿನವರು ಹೆದರಿಸುವುದು ಬಿಲ್ ಏರಿಸುವುದಕ್ಕೆ.

ದಾವಣಗೆರೆ_ಟರ್ಬೊ:
ನಿಮಗೆ ಆಗದೇ ಇರಬಹುದು. ಲೀಕ್ ಇದೆಯೋ ಇಲ್ಲವೋ ಅಂತಲೇ ಗೊತ್ತಿಲ್ಲದೆ ಬೇರೆಯವರ ಕಾರಿಗೆ ಯಾಕೆ ಅಂಟು ತುಂಬಿಸಬೇಕು? ಬೆಳ್ಳಿಬಾಕ್ಸರ್ ಅವರೇ, ಇಷ್ಟು ಹೇಳಿ. ಸಿಗ್ನಲ್‌ನಲ್ಲಿ ನಿಂತಾಗ ಬಿಸಿ, ಹೈವೇಯಲ್ಲಿ ತಂಪು, ಹೀಗೇನಾದರೂ ಇದೆಯಾ? ಎಸಿ ಆನ್ ಮಾಡಿದಾಗ ಮುಂದಿನ ಎರಡೂ ಫ್ಯಾನ್ ನಿಧಾನವಾಗಿ ತಿರುಗುತ್ತವಾ? ಈ ಕಾರಿನಲ್ಲಿ ಫ್ಯಾನನ್ನು ನಿಧಾನವಾಗಿ ತಿರುಗಿಸುವ ರೆಸಿಸ್ಟರ್ ಸುಟ್ಟುಹೋಗುವುದುಂಟು. ಆಮೇಲೆ ಗೇಜ್ ಹಾಕಿ ಎರಡೂ ಕಡೆಯ ಪ್ರೆಶರ್ ಬರೆಯಿರಿ: ಕಂಪ್ರೆಸರ್ ಒಳಗೆ ಗ್ಯಾಸ್ ಬರುವ ಕಡೆ ಲೋ ಸೈಡ್, ಒತ್ತಿ ಹೊರಬಿಡುವ ಕಡೆ ಹೈ ಸೈಡ್.

ಮಿಯಾಟಾ92:
ಗೇಜ್ ಬರುವವರೆಗೆ ನನ್ನದು ಹೇಳುತ್ತೇನೆ. 1992 ಮಜ್ದಾ ಮಿಯಾಟಾ, ಫ್ಯಾಕ್ಟರಿಯಿಂದ ಬಂದದ್ದು ಹಳೇ ಥರದ ಎಸಿ ಗ್ಯಾಸ್, ಆರ್-12. ನಾನೇ ಅದರ ಬದಲಿಗೆ ಬಂದ ಆರ್-134ಎ ಗ್ಯಾಸಿಗೆ ಬದಲಾಯಿಸಿದೆ. ಎಲ್ಲ ಓ-ರಿಂಗ್ ಹಸಿರು ಎಚ್‌ಎನ್‌ಬಿಆರ್ ರಬ್ಬರಿನದು, ತೇವ ಹೀರುವ ಹೊಸ ಡ್ರೈಯರ್, ಬಿಸಿ ಚೆನ್ನಾಗಿ ಬಿಡುವ ಪ್ಯಾರಲಲ್ ಫ್ಲೋ ಕಂಡೆನ್ಸರ್. ಗ್ಯಾಸ್ ಹಳೇ ಅಳತೆಗಿಂತ ಸ್ವಲ್ಪ ಕಡಿಮೆಯೇ ಹಾಕಿದೆ, 134ಎಗೆ ಅಷ್ಟು ಬೇಕಾಗುವುದಿಲ್ಲ. ವೆಂಟ್ ಮುಂದೆ ಕೈ ಇಟ್ಟರೆ ಬೆರಳು ಮರಗಟ್ಟುತ್ತದೆ.

ಬೆಳ್ಳಿಬಾಕ್ಸರ್:
ಸಿಗ್ನಲ್ಲು, ಹೈವೇ ಎರಡೂ ಒಂದೇ. ಫ್ಯಾನ್ ಎರಡೂ ತಿರುಗುತ್ತವೆ. ಪಾರ್ಟ್ಸ್ ಅಂಗಡಿಯಿಂದ ಗೇಜ್ ತಂದೆ. ಹೊರಗೆ 38 ಡಿಗ್ರಿ ಇದ್ದಾಗ ಲೋ ಸೈಡ್ 38 ಪಿಎಸ್‌ಐ, ಹೈ ಸೈಡ್ 260.

ಮಿಯಾಟಾ92:
260 ಜಾಸ್ತಿ! ಗ್ಯಾಸ್ ಹೆಚ್ಚು ತುಂಬಿದ್ದಾರೆ.

ದಾವಣಗೆರೆ_ಟರ್ಬೊ:
ಜಾಸ್ತಿ ಅಲ್ಲ. 38 ಡಿಗ್ರಿ ಬಿಸಿಲಿಗೆ ಅದು ಸರಿಯಾದ ಲೆಕ್ಕವೇ. ಲೋ ಸೈಡ್ ನೋಡಿ. ಆರ್-134ಎ 38 ಪಿಎಸ್‌ಐನಲ್ಲಿ ಕುದಿಯುವುದು ಹೆಚ್ಚುಕಡಿಮೆ 6 ಡಿಗ್ರಿಗೆ. ಅಂದರೆ ಗಾಳಿಯನ್ನು ತಣ್ಣಗೆ ಮಾಡುವ ಇವಾಪೊರೇಟರ್ ಒಳಗೆ ಅಷ್ಟು ತಂಪಿದೆ. ಕಂಪ್ರೆಸರ್ ಸತ್ತಿದ್ದರೆ ಎರಡು ಮುಳ್ಳೂ ಹತ್ತಿರ ಬಂದು ನಿಲ್ಲುತ್ತಿದ್ದವು, ಇಷ್ಟು ಅಂತರ ಸಿಗುತ್ತಿರಲಿಲ್ಲ. ನಿಮ್ಮ ಕಂಪ್ರೆಸರ್ ಕೆಲಸ ಮಾಡುತ್ತಿದೆ. ದುಡ್ಡು ಕೊಡಬೇಡಿ.

ತಂಪು ಹುಟ್ಟುತ್ತಿದೆ, ವೆಂಟ್‌ಗೆ ಬರುವ ದಾರಿಯಲ್ಲಿ ಕೆಡುತ್ತಿದೆ. ನಾಳೆ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ಟೆಂಪರೇಚರ್ ತೀರಾ ಕೆಳಗಿಡಿ. ಅಡುಗೆಮನೆಯ ಥರ್ಮಾಮೀಟರ್ ಮಧ್ಯದ ವೆಂಟ್‌ಗೆ ಸಿಕ್ಕಿಸಿ. ಕೂಲೆಂಟ್ (ಎಂಜಿನ್ ತಂಪಿಡುವ ನೀರು) ಬಿಸಿ ತೋರಿಸುವ ಮುಳ್ಳು ಏರುತ್ತಾ ಹೋದ ಹಾಗೆ ವೆಂಟ್ ಕೂಡ ಬಿಸಿಯಾಗುತ್ತದಾ ನೋಡಿ. ಇನ್ನೊಂದು ಮಾತು: ವೆಂಟ್‌ನಿಂದ ಕಪ್ಪು ಚೂರು ಉದುರುತ್ತವಾ?

ಬೆಳ್ಳಿಬಾಕ್ಸರ್:
ಶುರುವಿನಲ್ಲಿ ಥರ್ಮಾಮೀಟರ್ 9 ಡಿಗ್ರಿಗೆ ಇಳಿಯಿತು. ಕೂಲೆಂಟ್ ಬಿಸಿಯಾದ ಮೇಲೆ 22. ಕಪ್ಪು ಚೂರು ಬಹಳ ಕಾಲದಿಂದ ಬರುತ್ತಿದೆ. ಸ್ಪಂಜಿನ ಥರ ಇರುತ್ತದೆ, ಬೆರಳಲ್ಲಿ ತಿಕ್ಕಿದರೆ ಮಸಿಯ ಹಾಗೆ ಅಂಟುತ್ತದೆ. ಅದಕ್ಕೂ ಎಸಿಗೂ ಏನು ಸಂಬಂಧ?

ದಾವಣಗೆರೆ_ಟರ್ಬೊ:
ಅದೇ ಮೂಲ. ಹೀಟರ್ ಬಾಕ್ಸ್ ಒಳಗೆ ಬಿಸಿಗಾಳಿ, ತಣ್ಣನೆ ಗಾಳಿ ಬೆರೆಸುವ ಫ್ಲಾಪ್ ಇದೆ. ಲೋಹದ ತಗಡು, ಅದರಲ್ಲಿ ದೊಡ್ಡ ತೂತುಗಳು, ಮೇಲೆ ಫೋಮ್. ಇಪ್ಪತ್ತು ವರ್ಷ ದಾಟಿದರೆ ಫೋಮ್ ಪುಡಿಯಾಗುತ್ತದೆ. ಫ್ಲಾಪ್ ಪೂರ್ತಿ ಮುಚ್ಚಿದರೂ ಬಿಸಿ ಕೂಲೆಂಟ್ ಹರಿಯುವ ಹೀಟರ್ ಕೋರಿನ ಬಿಸಿಗಾಳಿ ತೂತಿನಿಂದ ನುಗ್ಗುತ್ತದೆ. ಇದಕ್ಕೆ ಎಷ್ಟು ಗ್ಯಾಸ್ ತುಂಬಿದರೂ ಸುಮ್ನೆ.

ಫೋಮ್ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅಂಟು ಒರೆಸಿ, ಅಲ್ಯೂಮಿನಿಯಂ ಫಾಯಿಲ್ ಟೇಪ್ ಎರಡೂ ಬದಿಗೆ ಹಚ್ಚಬೇಕು. ಬಟ್ಟೆಯ ಡಕ್ಟ್ ಟೇಪ್ ಬೇಡ, ಬಿಸಿಗೆ ಕಳಚುತ್ತದೆ. ಅಂಚಿಗೆ ತೆಳ್ಳನೆ ಹೊಸ ಫೋಮ್ ಕೊಡಿ, ಇಲ್ಲದಿದ್ದರೆ ಸಂದಿಯಲ್ಲಿ ಸೋರುತ್ತದೆ. ಕಷ್ಟ ಇರುವುದು ಅಲ್ಲಿಗೆ ಕೈ ಹೋಗುವುದರಲ್ಲಿ. ಬ್ಯಾಟರಿ ಕಳಚದೆ ಡ್ಯಾಶ್ ಮುಟ್ಟಬೇಡಿ, ಏರ್‌ಬ್ಯಾಗ್ ಇದೆ. ಬಾಕ್ಸ್ ಪೂರ್ತಿ ಹೊರಗೆ ಬರಬೇಕಾದರೆ ಎಸಿ ಪೈಪ್ ಬಿಚ್ಚಬೇಕು. ಆಗ ಮೊದಲು ಮಷಿನ್‌ನಲ್ಲಿ ಗ್ಯಾಸ್ ತೆಗೆಸಿ. ಗಾಳಿಗೆ ಬಿಡುವುದು ಅಮೆರಿಕದಲ್ಲಿ ಕಾನೂನಿಗೆ ವಿರುದ್ಧ.

ಮಿಯಾಟಾ92:
ಪೈಪ್ ಬಿಚ್ಚುವುದೇ ಆದರೆ ಎಕ್ಸ್‌ಪ್ಯಾನ್ಶನ್ ವಾಲ್ವ್, ಇವಾಪೊರೇಟರ್, ಡ್ರೈಯರ್ ಎಲ್ಲ ಹೊಸದು ಹಾಕಿಬಿಡಿ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ದಾವಣಗೆರೆ_ಟರ್ಬೊ:
ಡ್ರೈಯರ್, ಓ-ರಿಂಗ್ ಸರಿ, ಬಿಚ್ಚಿದರೆ ಅವು ಹೊಸದೇ ಬೇಕು. ಚೆನ್ನಾಗಿರುವ ಇವಾಪೊರೇಟರ್ ಯಾಕೆ?

ಮಿಯಾಟಾ92:
ಡ್ಯಾಶ್ ಮತ್ತೆ ಯಾರು ಬಿಚ್ಚುತ್ತಾರೆ ಸರ್?

ಬೆಳ್ಳಿಬಾಕ್ಸರ್:
ಕನ್ಸೋಲ್ ತೆಗೆದು ಕ್ಯಾಮೆರಾ ವೈರ್ ಒಳಗೆ ಬಿಟ್ಟೆ. ಫ್ಲಾಪ್ ಕಾಣಿಸಿತು. ಸಾಲಾಗಿ ತೂತು, ಒಂದು ಮೂಲೆಯಲ್ಲಿ ಮಾತ್ರ ಫೋಮ್ ನೇತಾಡುತ್ತಿದೆ. ಕಂಪ್ರೆಸರ್ ಬೇಡ ಅಂತ ವರ್ಕ್‌ಶಾಪಿಗೆ ಹೇಳಿಬಿಟ್ಟೆ. ಪೈಪ್ ಬಿಚ್ಚದೆ ಆಗುತ್ತದಾ ನೋಡುತ್ತೇನೆ, ಟೇಪ್ ಆರ್ಡರ್ ಮಾಡಿದ್ದೇನೆ. ದಾವಣಗೆರೆ ಅಣ್ಣ, ತುಂಬಾ ಉಪಕಾರ ಆಯಿತು.

ಗಾಲ್ಫ್4 (ಮ್ಯೂನಿಕ್):
ನನ್ನ ಎಂಕೆ4 (ನಾಲ್ಕನೇ ತಲೆಮಾರಿನ) ಫೋಕ್ಸ್‌ವ್ಯಾಗನ್ ಗಾಲ್ಫ್‌ನಲ್ಲೂ ಇದೇ ಕಪ್ಪು ಚೂರು ಬರುತ್ತದೆ, ಆದರೆ ಚಳಿಗಾಲದಲ್ಲಿ ಹೀಟರ್ ಸಾಕಾಗುವುದಿಲ್ಲ. ಅದೂ ಫ್ಲಾಪಿನದೇ ಇರಬಹುದಾ?